ಎಂಟು ಕುದುರೆಯ ಸಾರೋಟು

ಜರ್ಮನಿಯಲ್ಲಿ ಹಿಂದೆ ಅಂಗೈಯಗಲದ ಸಂಸ್ಥಾನವೊಂದಿತ್ತು. ಅದರ ದೊರೆಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ಒಂದು ಬೆಳಿಗ್ಗೆ ಸಾರೋಟು ಹೊಡೆಯುವ ಯೋಸ್ಟನ ಮೇಲೆ ಹರಿಹಾಯ್ದ.

"ಪಕ್ಕದ ದೊರೆ ಎಂಟು ಕುದುರೆ ಕಟ್ಟಿಸಿ ಮೆರೀತಾನೆ. ನನಗೆ ಮಾತ್ರ ಎರಡೇ? ಈಗಲೇ ಎಂಟು ಕಟ್ಟು, ಇಲ್ಲಾ ಕೆಲಸ ಬಿಡು!"

ಯೋಸ್ಟ ಒಂದರ ಮುಂದೊಂದರಂತೆ ಎಂಟು ಕುದುರೆ ಕಟ್ಟಿದ. ದೊರೆ ಹತ್ತಿದ. ಸಾರೋಟು ಹೊರಟಿದ್ದೇ ತಡ, ಗಕ್ಕನೆ ನಿಂತಿತು.

"ಯಾಕೋ ನಿಲ್ಲಿಸಿದೆ? ಇನ್ನೂ ಅರಮನೆ ಬಾಗಿಲೇ ದಾಟಿಲ್ಲ!"

"ಮುಂದಿನ ಕುದುರೆ ಗಡಿ ದಾಟಿಬಿಡ್ತು, ಮಹಾಸ್ವಾಮಿ. ಪಕ್ಕದ ದೊರೆಯ ಕಾವಲಿನವರು ಲಗಾಮು ಹಿಡ್ಕೊಂಡಿದ್ದಾರೆ."

"ತಿರುಗಿಸೋ!"

"ಎಂಟು ಕುದುರೆ ತಿರುಗೋ ಅಷ್ಟು ನೆಲ ನಮ್ಮಲ್ಲಿಲ್ಲ. ಆ ದೊರೆಯನ್ನೇ ಕೇಳ್ಕೊಂಡು ಬರಲೇ?"

ದೊರೆ ಅತ್ತಿತ್ತ ನೋಡಿ ಪಿಸುಗುಟ್ಟಿದ. "ಬೇಡಪ್ಪಾ, ಆರು ಬಿಚ್ಚು."

ಯೋಸ್ಟ ಬಿಚ್ಚಿದ. ಸಂಸ್ಥಾನ ಮತ್ತೆ ದೊಡ್ಡದಾಯಿತು.