ತಿರುಗಿ ನಿಲ್ಲುವ ಗುಡಿ

ಥಾಯ್ಲೆಂಡಿನ ಯೋಮ್ ನದಿಯ ದಂಡೆಯಲ್ಲಿ ಒಂದು ಸಣ್ಣ ಬುದ್ಧನ ಗುಡಿ ಇದೆ. ದೊಡ್ಡ ಗುಡಿಗಳನ್ನೆಲ್ಲ ನೋಡಿ ಮುಗಿಸಿದವರು ಮಾತ್ರ ಅಲ್ಲಿಗೆ ಹೋಗುತ್ತಾರೆ. ಇಟ್ಟಿಗೆಯ ಗೋಡೆ ಅರ್ಧ ಕುಸಿದಿದೆ, ಮಾಡು ಎಂದೋ ಹೋಗಿದೆ. ನಡೆಯುವ ಭಂಗಿಯ ಬುದ್ಧ ಒಂದು ಹಿಮ್ಮಡಿ ಎತ್ತಿಕೊಂಡು ಹಾಗೇ ನಿಂತಿದ್ದಾನೆ. ಒಂಟಿಯಾಗಿ ಊರೂರು ಅಲೆಯುವ ನನಗೆ ಒಂದೆಡೆ ಅರ್ಧ ಗಂಟೆ ಕೂತರೆ ಮೈ ಪರಚಿಕೊಳ್ಳುವಂತಾಗುತ್ತದೆ. ಅಲ್ಲೂ ಚಪ್ಪಲಿ ಎಸೆದು ಒಳಗೆ ನುಗ್ಗುವವಳಿದ್ದೆ. ಗುಡಿಯ ಕಸ ಗುಡಿಸುವ ಮಲಿ ಎಂಬ ಅಜ್ಜಿ ನನ್ನನ್ನು ತಡೆದು, ಚಪ್ಪಲಿಯ ಮೂತಿಯನ್ನು ದೇವರ ಕಡೆಗೆ ತಿರುಗಿಸಿಟ್ಟಳು. ಇದಕ್ಕೆ 'ತಿರುಗಿ ನಿಲ್ಲುವ ಗುಡಿ' ಎಂಬ ಹೆಸರು ಹೇಗೆ ಬಂತೆಂದು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದವಳೂ ಅವಳೇ.

ಹಿಂದೆ ಒಮ್ಮೆ ಕಡಲಾಚೆಯಿಂದ ದೂಮಣ್ಣ ಎಂಬವನು ಆ ಸೀಮೆಗೆ ಬಂದನಂತೆ. ಹೆಸರು ಕೇಳಿದರೆ ನಮ್ಮ ಕರಾವಳಿಯವನೇ ಇರಬೇಕು. ಹಡಗು ಹತ್ತಿ ಹೋದ ಅವನ ಅಣ್ಣ ಸಂಕಯ್ಯ ಮರಳಿರಲಿಲ್ಲ. ಅವನು ಇಲ್ಲೆಲ್ಲೋ ಬುದ್ಧನ ಗುಡಿಯಲ್ಲಿ ಸನ್ಯಾಸಿಯಾಗಿದ್ದಾನೆಂದು ನಾವಿಕರು ಸುದ್ದಿ ತಂದಾಗ, ಹಾಸಿಗೆ ಹಿಡಿದಿದ್ದ ತಾಯಿ "ಒಂದು ಸಲ ಅವನ ಮುಖ ತೋರಿಸು ಮಗಾ" ಎಂದಿದ್ದಳು. ಅಂದಿನಿಂದ ದೂಮಣ್ಣ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಗುಡಿಯಿಂದ ಗುಡಿಗೆ ಓಡುತ್ತಿದ್ದ. ಭಾಷೆ ಬಾರದು. ಎಷ್ಟೋ ಕಡೆ ಹುಚ್ಚನೆಂದು ಅಟ್ಟಿದ್ದರು. ಉಂಡಲ್ಲಿ ಮಲಗಲಿಲ್ಲ, ಮಲಗಿದಲ್ಲಿ ಉಣ್ಣಲಿಲ್ಲ ಎನ್ನುತ್ತಾರೆ.

ಆಗ ಈ ಗುಡಿಯನ್ನು ನೋಡಿಕೊಳ್ಳುತ್ತಿದ್ದವಳು ಬುವಾ ಎಂಬ ಹೆಂಗಸು. ದೇವರ ಮುಂದೆ ಕಣ್ಮುಚ್ಚಿ ಕೂತ ಪರದೇಶಿ ಗೊಣಗಿದ್ದು ಅವಳಿಗೆ ಅರ್ಥವಾಗಲಿಲ್ಲ, ಆದರೆ ಮಾತಿನ ಧಾಟಿ ಗೊತ್ತಿತ್ತು. ಭಿಕ್ಷೆಗೆ ಹೋಗಿದ್ದ ಆ ಗುಡಿಯ ಸನ್ಯಾಸಿಯೂ ಜ್ವರ ಬಂದಾಗ ಹೀಗೇ ಬಡಬಡಿಸುತ್ತಿದ್ದ. ಇವನು ಅವನ ಕಡೆಯವನೇ ಇರಬೇಕು ಎನಿಸಿತು ಬುವಾಳಿಗೆ. 'ಇರು' ಎಂದು ಕೈಮಾಡಿದಳು, ಕಣ್ಮುಚ್ಚಿದವನು ನೋಡಲಿಲ್ಲ. ಸನ್ಯಾಸಿಯನ್ನು ಕರೆತರಲು ಓಡುವ ಮುನ್ನ ಬಂದವನ ಮೆಟ್ಟುಗಳ ಧೂಳು ಒರೆಸಿ, ಹೊರಡುವಾಗ ಕಾಲಿಗೆ ಸುಲಭವಾಗಲಿ ಎಂದು ದಾರಿಯ ಕಡೆಗೆ ತಿರುಗಿಸಿಟ್ಟಳು. ಆ ಊರಲ್ಲಿ ದೊಡ್ಡವರಿಗೆ ಮಾಡುವ ಉಪಚಾರ ಅದು. ದೂಮಣ್ಣ ಹೊರಗೆ ಬಂದ. ಯಾರೂ ಇಲ್ಲ, ಮೆಟ್ಟುಗಳು ದಾರಿಗೆ ಮುಖ ಮಾಡಿವೆ. "ಇಲ್ಲೂ ಹೊರಡು ಅಂದ್ರಲ್ಲ" ಎಂದುಕೊಂಡು ಅವನ್ನು ಮೆಟ್ಟಿ, ದಡದಲ್ಲಿದ್ದ ದೋಣಿ ಹತ್ತಿಬಿಟ್ಟ. ಅಯ್ಯೋ ಪುಣ್ಯಾತ್ಮ, ಒಂದು ಗಳಿಗೆ ಕೂರಬಾರದಿತ್ತೇ.

ಭಿಕ್ಷಾಪಾತ್ರೆ ಹಿಡಿದೇ ಓಡಿಬಂದ ಸಂಕಯ್ಯ ನದಿಯ ದಡದಲ್ಲಿ ನಿಂತು "ದೂಮಾ" ಎಂದು ಕೂಗಿದ. ದೋಣಿ ತಿರುವು ದಾಟಿತ್ತು. ಮೆಟ್ಟು ತಿರುಗಿಸಿಟ್ಟದ್ದನ್ನು ಹೇಳಿಕೊಂಡು ಅಳುತ್ತಿದ್ದ ಬುವಾಳಿಗೆ ಅವನು, "ನಿನ್ನದೇನೂ ತಪ್ಪಿಲ್ಲ ತಾಯಿ. ನಮ್ಮ ಊರಲ್ಲಿ ಹಾಗೆ ತಿರುಗಿಸಿಟ್ಟರೆ ಎದ್ದು ಹೋಗು ಅಂತ ಅರ್ಥ" ಎಂದನಂತೆ. ಪಾತ್ರೆಯನ್ನು ಅವಳ ಕೈಗಿಟ್ಟು ಬರಿಗಾಲಲ್ಲೇ ದಡ ಹಿಡಿದು ಓಡಿದ. ಅಣ್ಣತಮ್ಮ ಸೇರಿದರೋ, ತಾಯಿ ಮಗನ ಮುಖ ನೋಡಿದಳೋ, ಹೇಳುವವರು ಯಾರೂ ಇಲ್ಲ. ಬುವಾ ಮಾತ್ರ ಬದುಕಿರುವವರೆಗೆ ಬಂದವರ ಚಪ್ಪಲಿಗಳನ್ನೆಲ್ಲ ಒಳಮುಖವಾಗಿಯೇ ಇಟ್ಟಳು.

ಇಂದಿಗೂ ಅಲ್ಲಿ ಸಾಲು ಚಪ್ಪಲಿಗಳ ಮೂತಿ ದೇವರ ಕಡೆಗೇ. ಮೆಟ್ಟಿಕೊಳ್ಳಬೇಕಾದರೆ ದಾರಿಗೆ ಬೆನ್ನು ಹಾಕಿ, ಒಳಗೆ ಮುಖ ಮಾಡಿ ಒಮ್ಮೆ ತಿರುಗಿ ನಿಲ್ಲಲೇಬೇಕು. ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸುತ್ತ ನಾನೂ ತಿರುಗಿ ನಿಂತೆ. ಹೊರಡುವ ಪ್ರತಿಯೊಬ್ಬರಿಗೂ ಹೇಳುವ ಮಾತನ್ನು ಮಲಿಯಜ್ಜಿ ನನಗೂ ಹೇಳಿದಳು: "ಇನ್ನೊಂದು ಗಳಿಗೆ ಇರಬಾರದಾ ಮಗಳೇ? ನಿನ್ನವರನ್ನ ಕರೆತರೋಕೆ ಯಾರಾದರೂ ಓಡಿರಬಹುದು."