ಅಂಬಣ್ಣನ ತೋಳಿನ ಚೂರು

ಹೊಳೆ ದಂಡೆಯಲ್ಲೊಂದು ಪ್ರಯೋಗಶಾಲೆ. ಅಲ್ಲಿ ಸ್ನಾಯು ಪರೀಕ್ಷೆ ಮಾಡುವ ಚೆಲುವಯ್ಯ ಮೇಷ್ಟ್ರು, ಅವರ ಹತ್ತಿರ ಕಲಿಯಲು ಬಂದ ತಾರಿಣಿ. ಆಶ್ರಮ ಅಂದರೆ ಆಶ್ರಮವೇ ಅದು, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು.

ಒಂದು ಬೆಳಿಗ್ಗೆ ತಾರಿಣಿ ಅತ್ತು ಕೆಂಪಾದ ಕಣ್ಣಲ್ಲಿ ಬಂದಳು.

“ಸರ್, ಅಂಬಣ್ಣನ ಸ್ನಾಯುವಿನಲ್ಲಿ ಟೈಟಿನ್ ಇಲ್ಲ. ವರದಿ ಬರೆದಿದ್ದೇನೆ, ಸಹಿ ಹಾಕಿ.”

ಅಂಬಣ್ಣ ಹರಿಗೋಲು ನಡೆಸುವವನು. ತಿಂಗಳಿಂದ ಕೈ ಸೋಲುತ್ತಿತ್ತು. ಡಾಕ್ಟರು ಅವನ ತೋಳಿನಿಂದ ಒಂದು ಚೂರು ತೆಗೆದು ಕಳಿಸಿದ್ದರು. ಟೈಟಿನ್ ಕೆಟ್ಟಿದ್ದರೆ ಇನ್ನು ಹುಟ್ಟು ಹಿಡಿಯುವ ಹಾಗಿಲ್ಲ ಎಂದೂ ಹೇಳಿದ್ದರು. ಪಾಪ, ಹೊರಗೆ ಹೊಂಗೆ ಮರದಡಿ ಜೀವ ಕೈಯಲ್ಲಿ ಹಿಡಿದು ಕೂತಿದ್ದ.

ಮೇಷ್ಟ್ರು ಪೆನ್ನು ಮುಟ್ಟಲಿಲ್ಲ.

“ಟೈಟಿನ್ ಏನು ಮಾಡುತ್ತಮ್ಮ?”

“ಸ್ನಾಯುಕೋಶದೊಳಗಿನ ಒಂದೊಂದು ಪುಟ್ಟ ಘಟಕದಲ್ಲೂ ಅಂಚಿನಿಂದ ನಡುವಿನವರೆಗೆ ಚಾಚಿಕೊಂಡಿರುತ್ತೆ ಸರ್. ಉಳಿದ ಎಳೆಗಳನ್ನ ಅದರದರ ಜಾಗದಲ್ಲಿ ಹಿಡಿದಿಡುತ್ತೆ. ಎಳೆದರೆ ಹಿಗ್ಗುತ್ತೆ, ಬಿಟ್ಟರೆ ಕುಗ್ಗುತ್ತೆ.”

“ಎಷ್ಟು ದೊಡ್ಡದು?”

“ಮನುಷ್ಯನ ಮೈಯಲ್ಲಿ ಅದಕ್ಕಿಂತ ದೊಡ್ಡ ಪ್ರೋಟೀನ್ ಇಲ್ಲ.”

“ಸರಿ. ಜಗಲಿಯಲ್ಲಿರೋ ಮೇಜು ತಂದು ಔಷಧಿ ಕೋಣೆಯೊಳಗಿಡು.”

ಇದೆಂಥಾ ಹೊತ್ತಲ್ಲಿ ಎಂಥಾ ಕೆಲಸ! ಗೊಣಗುತ್ತಲೇ ಹೋದಳು. ಕೋಣೆಯ ಬಾಗಿಲು ಗೇಣಗಲ ಅನ್ನಬೇಕು, ಅಷ್ಟು ಕಿರಿದು. ಎಳೆದಳು, ಅಡ್ಡ ಹಾಕಿದಳು, ಬೆರಳು ಜಜ್ಜಿಕೊಂಡಳು.

“ಹೋಗ್ತಾ ಇಲ್ಲ ಸರ್!”

“ಕೋಣೆಯೊಳಗೆ ಮೇಜು ಇದೆಯಾ?”

“ಇಲ್ಲ.”

“ಹಾಗಾದ್ರೆ ಬರಿ, ನಮ್ಮಲ್ಲಿ ಮೇಜೇ ಇಲ್ಲ ಅಂತ. ಸಹಿ ಹಾಕ್ತೀನಿ.”

ತಾರಿಣಿ ಬೆರಳು ಚೀಪುತ್ತಾ ನಿಂತಳು. ಪ್ರೋಟೀನುಗಳನ್ನು ಸಣ್ಣ ಸಣ್ಣ ತೂತಿನ ಜೆಲ್ಲಿನೊಳಗೆ ಕರೆಂಟು ಕೊಟ್ಟು ಓಡಿಸಿ, ಎಲ್ಲಿ ನಿಂತವು ಅಂತ ನೋಡುವುದು ಅವಳ ಕೆಲಸ.

“ಅಯ್ಯೋ ದೇವರೇ! ಸರ್, ನಾನು ಬಿಗಿ ಜೆಲ್ ಹಾಕಿಬಿಟ್ಟೆ. ಅಷ್ಟು ಸಣ್ಣ ತೂತಲ್ಲಿ ಟೈಟಿನ್ ಒಳಗೇ ಇಳಿದಿಲ್ಲ.”

“ಚೂರು ಉಳಿದಿದೆಯಾ?”

“ಒಂದು ಸಲಕ್ಕಾಗುವಷ್ಟು.”

“ಸಡಿಲ ಜೆಲ್ ಹಾಕು. ನಿಧಾನ.”

ಸಡಿಲ ಜೆಲ್ ಅಂದರೆ ದೊಡ್ಡ ತೂತಿನದು, ಮುಟ್ಟಿದರೆ ಹರಿದುಹೋಗುವಂಥದ್ದು. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದಳು. ಊಟಕ್ಕೂ ಏಳಲಿಲ್ಲ ಹುಡುಗಿ. ಕಿಟಕಿಯ ಕಡೆ ತಲೆ ಎತ್ತಲೂ ಇಲ್ಲ, ಮರದಡಿ ಅವನು ಕಾಣುತ್ತಾನಲ್ಲ.

ಸಂಜೆ ಐದಕ್ಕೆ ಬಣ್ಣ ಹಾಕಿ ತೊಳೆದಾಗ ಜೆಲ್ಲಿನ ಮೇಲ್ಗಡೆ, ದೊಡ್ಡ ಪ್ರೋಟೀನ್ ನಿಲ್ಲುವ ಕಡೆ, ಒಂದು ಗೆರೆ ಮೂಡಿತು. ಪಕ್ಕದಲ್ಲಿ ಆರೋಗ್ಯವಂತನ ಸ್ನಾಯುವಿನ ಗೆರೆ. ಎರಡೂ ಒಂದೇ ಎತ್ತರ, ಒಂದೇ ದಪ್ಪ.

ತಾರಿಣಿ ಎರಡು ಗೆರೆಗೂ ಅಳತೆಪಟ್ಟಿ ಹಿಡಿದು ನೋಡಿದಳು. “ಇದೆ ಸರ್. ಪೂರ್ತಿ ಇದೆ.” ಅಷ್ಟಂದು ಗೊಳೋ ಅಂತ ಅತ್ತಳು. ಮೇಷ್ಟ್ರಿಗೂ ಉಸಿರು ಬಂದ ಹಾಗಾಯಿತು.

ಡಾಕ್ಟರಿಗೆ ಫೋನು ಹೋಯಿತು. ಟೈಟಿನ್ ಸರಿಯಿದ್ದರೆ ಭಯವಿಲ್ಲ, ಹುಟ್ಟು ಹಾಕಲಿ, ಕೈ ಸೋಲುವುದಕ್ಕೆ ಮದ್ದಿದೆ ಅಂದರು ಅವರು.

ತಾರಿಣಿ ಬರಿಗಾಲಲ್ಲೇ ಹೊರಗೆ ಓಡಿದಳು.

“ಹಂಗಾರೆ ಹುಟ್ಟು ಹಾಕ್ಬೋದೇನ್ರೀ ಅಕ್ಕಾರ?” ಅಂಬಣ್ಣ ಕೇಳಿದ.

“ಹಾಕಬಹುದು ಅಂಬಣ್ಣಾ, ಹಾಕಬಹುದು!”

ಅವನು ಕಣ್ಣೊರೆಸಿಕೊಂಡು ನಗುತ್ತಾ ಹರಿಗೋಲು ನೀರಿಗಿಳಿಸಿದ. ಮೇಷ್ಟ್ರೂ ಹಿಂದೆಯೇ ಬಂದರು, ತಾರಿಣಿ ಮಾತ್ರ ದಡದಲ್ಲೇ ನಿಂತುಬಿಟ್ಟಳು.

“ಸರ್, ಅಂಬಣ್ಣನ ಮುಖ ಹೇಗೆ ನೋಡಲಿ? ಇಲ್ಲ ಅಂತ ಬರೆದೇಬಿಟ್ಟಿದ್ದೆನಲ್ಲ.”

ಮೇಷ್ಟ್ರು ಪಂಚೆ ಮೇಲೆತ್ತಿ ಕಟ್ಟಿ, ಹರಿಗೋಲಿನಲ್ಲಿ ಕೂತು, ಪಕ್ಕದ ಜಾಗ ತಟ್ಟಿದರು.

“ಹತ್ತಮ್ಮ. ನೀನು ಇಲ್ಲ ಅಂತ ಬರೆದ ಟೈಟಿನ್ನೇ ನಿನ್ನನ್ನ ಆ ದಡಕ್ಕೆ ದಾಟಿಸುತ್ತೆ.”