ಚೆಂಬಿನೊಳಗಿನ ಹೊಳಪು

"ಬುದ್ಧಿ, ತಪ್ಪು ನಂದಾ, ಅವಳದಾ? ಅದೊಂದು ತೀರ್ಮಾನ ಮಾಡ್ಕೊಡಿ."

ಕೆಂಪಸಿದ್ದಪ್ಪ ಮಠದ ಜಗಲಿ ಮೇಲೆ ಕೂತು ಅಯ್ನೋರನ್ನ ಹಿಂಗೆ ಕೇಳ್ದ. ಅವನ ಹೆಂಡ್ತಿ ಕೂಸನ್ನ ಎತ್ಕೊಂಡು ತವರಿಗೆ ಹೋಗಿ ಎಂಟು ತಿಂಗಳಾಗಿತ್ತು. ಹೋಗುವಾಗ ಕೂಸು ಆಗಷ್ಟೇ ಮಗ್ಗುಲು ಹೊರಳ್ತಿತ್ತು. ಈಗ ನಡೀತದಂತೆ. ಇವನು ನೋಡಿಲ್ಲ. ತಪ್ಪು ಯಾರದು ಅಂತ ಮೊದಲು ಗೊತ್ತಾಗಲಿ, ಆಮೇಲೆ ಕರ್ಕೊಂಡು ಬರೋ ಮಾತು ಅಂತ ಊರಿನ ಒಂದೊಂದು ಜಗಲಿ ಮೇಲೂ ಕೂತು ಎದ್ದಿದ್ದ. ಉಳಿದಿದ್ದು ಮಠದ್ದು ಒಂದೇ.

ಅಯ್ನೋರು ಹುಣಸೆಹಣ್ಣಿನ ಬೀಜ ಬಿಡಿಸ್ತಾ ಇದ್ರು. ಕೈ ನಿಲ್ಲಿಸಲಿಲ್ಲ. ತೀರ್ಮಾನಾನೂ ಹೇಳಲಿಲ್ಲ. ಒಂದು ಕತೆ ಹೇಳಿದ್ರು.

ಒಂದೂರಲ್ಲಿ ಒಬ್ಬ ತಾಯಿ ಇದ್ಲು. ಅವಳಿಗೆ ಒಬ್ಬನೇ ಮಗ. ಬಳೆ ಮಾರೋನು. ತಿಂಗಳಲ್ಲಿ ಹತ್ತು ದಿನ ಬಳೆ ಕಟ್ಟಿದ ಮಲಾರ ಹೆಗಲಿಗೆ ಹೊತ್ಕೊಂಡು ಊರೂರು ತಿರುಗೋನು, ಉಳಿದ ದಿನ ಮನೇಲಿರೋನು. ತಾಯಿಗೆ ಮಗ ಅಂದ್ರೆ ಪ್ರಾಣ. ಅವನು ಉಂಡು ಎದ್ದ ತಟ್ಟೆ ನೋಡಿಯೇ ಹೊಟ್ಟೆ ತುಂಬಿದೆಯೋ ಇಲ್ವೋ ಹೇಳಿಬಿಡೋಳು. ಮದುವೆ ಮಾಡಿದ್ಲು. ಸೊಸೆ ಬಂದ್ಲು. ಅಲ್ಲಿಗೆ ಆ ತಟ್ಟೆ ನೋಡೋರು ಇಬ್ಬರಾದ್ರು. ಒಂದು ತಟ್ಟೆಗೆ ಇಬ್ಬರು ನೋಡೋರಾದ ಮೇಲೆ ಜಗಳಕ್ಕೆ ಬೇರೆ ಕಾರಣ ಯಾಕೆ ಬೇಕು.

ಸೊಸೆ ಬಂದ ಹೊಸದ್ರಲ್ಲಿ ಒಂದಿನ ಒಳಗಿನ ಕಲಾಯಿ ಸವೆದುಹೋಗಿದ್ದ ಹಿತ್ತಾಳೆ ಪಾತ್ರೇಲಿ ಹುಳಿಸಾರು ಕಾಯಿಸಿಬಿಟ್ಲು. ಚಿಕ್ಕೋಳು, ಬಗ್ಗಿ ನೋಡಿರಲಿಲ್ಲ. ಅತ್ತೆ ನೋಡಿದ್ಲು. ಸಾರನ್ನ ಪಾತ್ರೆ ಸಮೇತ ಬೀದಿಗೆ ತಂದು ಚೆಲ್ಲಿದ್ಲು. ಕಲಾಯಿ ಇಲ್ಲದ ಪಾತ್ರೆಗೆ ಹುಳಿ ತಾಕಿದ್ರೆ ಕಿಲುಬು ಇಳಿದು ವಿಷವಾಗ್ತದೆ ಅನ್ನೋದು ಕೂಸುಕುನ್ನಿಗೂ ಗೊತ್ತು, ಇವಳು ನನ್ನ ಮಗನ ಜೀವ ತೆಗೆಯೋಕೇ ಬಂದಿದ್ದಾಳೆ ಅಂತ ಎಂಟು ಮನೆಗೆ ಕೇಳೋ ಹಂಗೆ ಕೂಗಿದ್ಲು. ಅವಳು ಹೇಳಿದ ಮಾತು ನಿಜ. ಮೊದಲ ಅರ್ಧ.

ಆ ತಾಯಿ ಹತ್ರ ಒಂದು ತಾಮ್ರದ ಚೆಂಬಿತ್ತು. ಅಗಲ ಬಾಯಿದು, ಅವಳ ತವರಿಂದ ಬಂದಿದ್ದು. ದಿನಾ ಸಂಜೆ ಬಾವಿ ನೀರು ತುಂಬಿ ದೇವರ ಗೂಡಿನ ಕೆಳಗೆ ಇಡೋಳು. ಬೆಳಿಗ್ಗೆ ಎದ್ದ ಕೂಡಲೇ ಮಗ ಅದನ್ನ ಬರಿಹೊಟ್ಟೆಗೆ ಕುಡಿಯೋನು. ನಡೆಯೋಕೆ ಕಲಿತಾಗಿಂದ ಕುಡಿದಿದ್ದ. ಒಂದು ದಿನಾನೂ ಏನೂ ಆಗಿರಲಿಲ್ಲ.

ಸಾರು ಚೆಲ್ಲಿದ ದಿನದಿಂದ ತಾಯಿಗೆ ಭಯ ಹೊಕ್ತು. ನನ್ನ ಕಣ್ಣು ತಪ್ಪಿದಾಗ ಇವಳು ಏನಾದ್ರೂ ಮಾಡಿದ್ರೆ? ಊರಮ್ಮನ ಗುಡಿಗೆ ಹೋದ್ಲು. ಪೂಜಾರಿ ಅಮ್ಮನ ಪಾದದಲ್ಲಿದ್ದ ನಿಂಬೆಹಣ್ಣು ಕೊಟ್ಟ, ಮನೇಲಿ ಇಟ್ಕೋ, ಕಾಯ್ತಾಳೆ ಅಂದ. ಬರೀ ಮನೇಲಿಟ್ರೆ ಮನೆ ಕಾಯ್ತಾಳೆ, ನಂಗೆ ಬೇಕಾದ್ದು ಮಗನ್ನ ಕಾಯೋದು ಅಂತ ತಾಯಿ ಯೋಚನೆ ಮಾಡಿದ್ಲು. ಹಣ್ಣು ಕೊಯ್ದು ಚೆಂಬಿನ ನೀರಿಗೆ ಹಿಂಡಿದ್ಲು. ಸಿಪ್ಪೆ ಬಿಸಾಕೋಕೆ ಮನಸ್ಸು ಬರಲಿಲ್ಲ, ಅದನ್ನೂ ಒಳಗೇ ಬಿಟ್ಲು. ಅವತ್ತಿಂದ ದಿನಾ ಗುಡಿಯಿಂದ ಒಂದು ಹಣ್ಣು ತಂದು ಹಿಂಡೋದೇ ನೇಮವಾಯ್ತು. ಸೊಸೆ ಆ ಚೆಂಬಿನ ಹತ್ರ ಸುಳಿಯಂಗಿಲ್ಲ. ತಾನೂ ಅದರಲ್ಲಿ ಒಂದು ಗುಟುಕು ಕುಡೀಲಿಲ್ಲ. ಮಗನ ಪಾಲಲ್ಲಿ ಒಂದು ಹನಿ ಕಮ್ಮಿಯಾದೀತು ಅಂತ.

ಹದಿನೈದು ದಿನ ಕಳೀತು. ಮಗನಿಗೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆ ತೊಳಸೋಕೆ ಶುರುವಾಯ್ತು. ಹೊಟ್ಟೆ ಹಿಡ್ಕೊಂಡು ಮುದುರಿ ಮಲಗೋನು. ಉಂಡಿದ್ದು ದಕ್ಕದು. ಬಾಯೆಲ್ಲಾ ಒಗರು ಅನ್ನೋನು. ಮಲಾರ ಹೊತ್ಕೊಂಡು ಊರು ಬಿಟ್ಟರೆ ಮೂರನೇ ದಿನಕ್ಕೆ ಸರಿಹೋಗೋನು. ಮನೆಗೆ ಬಂದರೆ ಮತ್ತೆ ಅದೇ.

ತಾಯಿ ಲೆಕ್ಕ ಹಾಕಿದ್ಲು. ಹೆಂಡ್ತಿಯಿಂದ ದೂರ ಇದ್ದಾಗ ಚೆನ್ನಾಗಿದ್ದಾನೆ. ಹೆಂಡ್ತಿ ಕೈಯೂಟಕ್ಕೆ ಬಂದಾಗ ಮಲಗ್ತಾನೆ. ಇನ್ನೇನು ಬೇಕು. ಇವಳು ಮದ್ದು ಹಾಕಿದ್ದಾಳೆ. ಗಂಡ ತನ್ನ ಸೆರಗು ಬಿಟ್ಟು ಹೋಗಬಾರದು ಅಂತ ಅನ್ನಕ್ಕೆ ಬೆರೆಸ್ತಾರಲ್ಲ, ಆ ಮದ್ದು. ನೀರು ಸೇದೋ ಹೆಂಗಸರಿಗೆ ಹೇಳಿದ್ಲು. ಅವರಿಗೆ ಇದಕ್ಕಿಂತ ಸಿಹಿ ಯಾವುದು? ನಾವೂ ಅಂದ್ಕೊಂಡಿದ್ವಿ ಬಿಡು ಅಂದ್ರು. ಯಾವತ್ತೂ ಅಂದ್ಕೊಂಡಿರಲಿಲ್ಲ. ಸಂಜೆ ಹೊತ್ತಿಗೆ ಊರೆಲ್ಲ ಅಂದ್ಕೊಂಡಿತ್ತು.

ಸೊಸೆ ಒಲೆ ಮುಟ್ಟೋದೇ ಬಿಟ್ಲು. ನೀವೇ ಮಾಡಿ, ನೀವೇ ಬಡಿಸಿ, ನಾನು ದೂರದಿಂದ ನೋಡ್ತೀನಿ ಅಂದ್ಲು. ತಾಯಿ ಮಾಡಿ ಬಡಿಸಿದ್ಲು. ಮಗ ಹಂಗೇ ಇದ್ದ. ಆಗಲಾದ್ರೂ ಯಾರ ತಲೆಗಾದ್ರೂ ಹೊಳೀಬೇಕಿತ್ತು. ಹಳೇ ಮದ್ದು, ಕರುಳಿಗೆ ಅಂಟಿದೆ ಅಂದ್ರು.

ಮದ್ದು ತೆಗೆಯೋನ ಹತ್ರ ಕರ್ಕೊಂಡು ಹೋದ್ರು. ಬೆಳಕು ಹರಿಯೋ ಹೊತ್ತಿಗೇ ಬರಬೇಕು ಅಂದಿದ್ದ. ಮಗ ಚೆಂಬಿನ ನೀರು ಕುಡಿದೇ ಹೊರಟ. ಮದ್ದು ತೆಗೆಯೋನು ಯಾವುದೋ ಸೊಪ್ಪಿನ ರಸ ಕುಡಿಸಿದ. ಮಗ ಕಕ್ಕಿದ. ಬಿದ್ದದ್ದು ನೀಲಿ ಹಸಿರು. ನವಿಲುಗರಿ ಬಣ್ಣ. ಮನುಷ್ಯನ ಹೊಟ್ಟೆಯಿಂದ ಅಂಥ ಬಣ್ಣ ಬರೋದನ್ನ ಅಲ್ಲಿದ್ದ ಯಾರೂ ಕಂಡಿರಲಿಲ್ಲ. ನೋಡೋಕೆ ಬಂದೋರು ನಿಂತಲ್ಲೇ ಕೈ ಮುಗಿದ್ರು. ಮದ್ದು ತೆಗೆಯೋನೂ ಒಂದು ಹೆಜ್ಜೆ ಹಿಂದಕ್ಕೆ ಹೋದ. ಇಷ್ಟು ದೊಡ್ಡ ಮದ್ದು ಅವನೂ ಕಂಡಿರಲಿಲ್ಲ.

ತಾಯಿ ಮನೆಗೆ ಬಂದೋಳೇ ಚೆಂಬಿಗೆ ಎರಡು ಹಣ್ಣು ಹಿಂಡಿದ್ಲು.

ಒಂದು ಶುಕ್ರವಾರ ಚೆಂಬು ಬರಿದು ಮಾಡುವಾಗ ಬಾಗಿಲಿನ ಬಿಸಿಲು ಅದರೊಳಗೆ ಬಿತ್ತು. ತಾಯಿ ಬಗ್ಗಿ ನೋಡಿದ್ಲು. ನೀರು ನಿಲ್ಲೋ ಗೆರೆಯಿಂದ ಮೇಲೆ ಚೆಂಬು ಎಂದಿನಂಗೆ ಕಪ್ಪಗಿತ್ತು. ಗೆರೆಯಿಂದ ಕೆಳಗೆ ಕೆಂಪಗೆ, ಹೊತ್ತು ಮೂಡೋವಾಗಿನ ಸೂರ್ಯನಂಗೆ ಉರೀತಿತ್ತು. ಅಮ್ಮನ ಹಣ್ಣು ಬಿದ್ದ ದಿನದಿಂದ ಅದರೊಳಗೆ ಅವಳು ಕೈ ಹಾಕಿ ಉಜ್ಜಿದೋಳಲ್ಲ. ಯಾರೂ ಬೆಳಗಲಿಲ್ಲ, ತಾನಾಗೇ ಬೆಳಗಿದೆ. ತಾಯಿ ಚೆಂಬನ್ನ ಕಣ್ಣಿಗೊತ್ತಿಕೊಂಡ್ಲು. ಅಮ್ಮ ಬಂದು ಚೆಂಬಲ್ಲಿ ಕೂತಿದ್ದಾಳೆ ಅಂದ್ಲು.

ಬೀದಿ ಹೆಂಗಸರೆಲ್ಲ ಬಂದ್ರು. ಒಬ್ಬೊಬ್ಬರೇ ಬಗ್ಗಿ ನೋಡಿದ್ರು. ನೋಡಿದೋರ ಮುಖ ಕೆಂಪಗಾಗಿ ಹೊಳೀತಿತ್ತು. ಚೆಂಬಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದ್ರು. ಒಳಗೆ ಮಗ ಗೋಡೆ ಕಡೆ ತಿರುಗಿ ಮಲಗಿದ್ದ. ಕಣ್ಣು ಹಳದಿಗೆ ತಿರುಗಿತ್ತು. ಅಮ್ಮ ಬಂದಾಯ್ತು, ಇನ್ನು ಮನೇಲಿರೋ ಮಾರಿ ಹೋದ್ರೆ ಸಾಕು ಅಂದ್ಲು ತಾಯಿ. ಸೊಸೆಯ ಅಪ್ಪನಿಗೆ ಹೇಳಿಕಳಿಸಿದ್ಲು.

ಅಪ್ಪ ಬಂದ. ಸೊಸೆ ಸೀರೆ ಗಂಟು ಕಟ್ಕೊಂಡು ಹೊಸಿಲ ಹೊರಗೆ ನಿಂತ್ಲು. ಅವತ್ತೇ ಬೀದಿಗೆ ಕಲಾಯಿ ಹಾಕೋನೂ ಬಂದಿದ್ದ. ಮರದ ಬುಡದಲ್ಲಿ ಬೆಂಕಿ ಊದೋ ತಿದಿ ಹೂಡಿ ಕೂತಿದ್ದ. ತಾಯಿ ಸಾರಿನ ಪಾತ್ರೆ ಹೊರಗೆ ತಂದು ಅವನನ್ನ ಕರೆದ್ಲು. ಸೊಸೆ ಹೋದ ಮೇಲೆ ಒಲೆ ತನ್ನದೇ ಅಲ್ವಾ. ಪಾತ್ರೆ ಇಸ್ಕೊಳ್ಳೋಕೆ ಬಂದೋನಿಗೆ ಜಗಲಿ ಮೇಲೆ ಹೂ ಮುಡಿಸಿ ಇಟ್ಟಿದ್ದ ಚೆಂಬು ಕಂಡ್ತು. ಎಲ್ಲರೂ ಹೇಳಿದ್ರು, ನೀನೂ ನೋಡಿ ಕೈ ಮುಗಿ, ಪುಣ್ಯ ಬರ್ತದೆ ಅಂತ. ಅವನು ಬಗ್ಗಿ ನೋಡಿದ. ಕೈ ಮುಗೀಲಿಲ್ಲ. ಮೂಗಿಗೆ ಹಿಡಿದು ವಾಸನೆ ನೋಡಿದ.

"ಇದಕ್ಕೆ ಹುಳಿ ಏನು ಹಾಕ್ತೀಯವ್ವ?"

"ಹುಳಿ ಯಾಕೆ ಹಾಕ್ತಾರೆ? ಅಮ್ಮನ ನಿಂಬೆಹಣ್ಣು ಅದು."

"ಅಮ್ಮ ಕೊಟ್ಟರೂ ನಿಂಬೆಹಣ್ಣು ಹುಳೀನೇ ಅಲ್ವೇನವ್ವ. ಬರೀ ನೀರಿಟ್ಟಿದ್ರೆ ನಾನು ಕೇಳ್ತಿರಲಿಲ್ಲ. ಹುಳಿ ನೀರು ಇಡೀ ಇರುಳು ನಿಂತು ಈ ತಾಮ್ರಾನ ನೆಕ್ಕಿದೆ. ಮೇಲಿರೋ ಕಪ್ಪು ಕೆಳಗೆ ಯಾಕಿಲ್ಲ? ಅದು ಎಲ್ಲಿಗೆ ಹೋಯ್ತು? ಈ ನೀರು ಕುಡಿಯೋರು ಯಾರು?"

ಅವನು ಸಾರಿನ ಪಾತ್ರೆ ಎತ್ತಿ ತೋರಿಸಿದ. ನೀನೇ ಅಲ್ವಾ ವರ್ಷಾ ವರ್ಷಾ ತಂದು ಇದಕ್ಕೆ ಕಲಾಯಿ ಹಾಕಿಸೋಳು, ಯಾಕೆ ಹಾಕಿಸ್ತೀಯ ಅಂತ ನಿಂಗೇ ಗೊತ್ತಲ್ಲವ್ವ ಅಂದ. ಅಂದು ತಿದಿ ಹತ್ರ ಹೋಗಿ ಕೂತ್ಕೊಂಡ.

ಸೇರಿದ್ದ ಹೆಂಗಸರೆಲ್ಲ ತಾಯಿ ಕಡೆ ನೋಡಿದ್ರು. ಅವಳು ಸೊಸೆಯ ಸಾರು ಬೀದಿಗೆ ಚೆಲ್ಲಿದ್ದು ಎಲ್ಲರಿಗೂ ನೆನಪಿತ್ತು. ತಾಯಿ ಚೆಂಬು ಎತ್ತಿಕೊಂಡ್ಲು. ಬಗ್ಗಿ ನೋಡಿದ್ಲು. ಹೊಳಪು ಹಂಗೇ ಇತ್ತು. ಅದರಲ್ಲಿ ಅವಳ ಮುಖ ಕಂಡ್ತು. ಒಳಗೆ ಹೋಗಿ, ಮಗನಿಗೆ ಅಂತ ಲೋಟಕ್ಕೆ ಬಗ್ಗಿಸಿ ಮುಚ್ಚಿಟ್ಟಿದ್ದ ಆವತ್ತಿನ ನೀರು ತಂದ್ಲು. ಎಲ್ಲರ ಮುಂದೆ ಗಟಗಟ ಕುಡಿದ್ಲು. ಆ ನೀರಿನ ರುಚಿ ಅವಳಿಗೆ ಅವತ್ತೇ ಮೊದಲು ಗೊತ್ತಾಗಿದ್ದು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಕಲಾಯಿ ಹಾಕೋನು ತಿದಿ ಒತ್ತುತ್ತಾ ಕೂತಿದ್ದ. ಯಾರೂ ಮನೆಗೆ ಹೋಗಲಿಲ್ಲ. ಆಮೇಲೆ ತಾಯಿ ಹೊಟ್ಟೆ ಹಿಡ್ಕೊಂಡು ಚರಂಡಿ ಪಕ್ಕ ಕೂತ್ಲು. ಕಕ್ಕಿದ್ಲು. ಕಲ್ಲಿನ ಮೇಲೆ ಬಿದ್ದದ್ದು ನವಿಲುಗರಿ ಬಣ್ಣ.

ಊರಿಗೆ ಊರೇ ನೋಡ್ತಾ ನಿಂತಿತ್ತು. ಮದ್ದು ಯಾರು ಹಾಕಿದ್ರು ಅಂತ ಇನ್ನು ಕೇಳೋದೇ ಬೇಡವಾಯ್ತು.

ಸೊಸೆ ಗಂಟು ಕೆಳಗಿಟ್ಲು. ತಾನು ಕುಡಿಯೋ ಮಣ್ಣಿನ ಗಡಿಗೆಯಿಂದ ನೀರು ತಂದು ಅತ್ತೆ ಬಾಯಿ ತೊಳೆಸಿದ್ಲು. ತೊಳೆಸ್ತಾ ಅಂದ್ಲು, "ಮದ್ದು ಹಾಕೋರು ಆಸೆಗೇ ಹಾಕ್ತಾರಂತಲ್ಲ ಅತ್ತೆಮ್ಮ. ನೀವೂ ಅದಕ್ಕೇ ಹಾಕಿದ್ರಿ, ಬಿಡಿ." ಅದು ಬೈಗುಳವೋ, ಸಮಾಧಾನವೋ, ಕೇಳಿದೋರಿಗೆ ಇವತ್ತಿಗೂ ಗೊತ್ತಾಗಿಲ್ಲ. ಅವಳು ಅಪ್ಪನಿಗೆ ಉಣ್ಣೋಕಿಕ್ಕಿ ಒಬ್ಬನನ್ನೇ ಕಳಿಸಿದ್ಲು.

ಮಗ ಉಳಿದ. ಎದ್ದು ಓಡಾಡೋಕೆ ಆರು ತಿಂಗಳು ಹಿಡೀತು. ಮಲಾರ ಹೊರೋ ಶಕ್ತಿ ಮಾತ್ರ ತಿರುಗಿ ಬರಲಿಲ್ಲ, ಮನೆ ಜಗಲೀಲೇ ಕೂತು ಬಳೆ ತೊಡಿಸ್ತಾನೆ.

ಅಯ್ನೋರು ಅಷ್ಟು ಹೇಳಿ ನಿಲ್ಲಿಸಿದ್ರು. ಕೆಂಪಸಿದ್ದಪ್ಪನ ಬಾಯಿ ತೆರೆದದ್ದು ತೆರೆದ ಹಂಗೇ ಇತ್ತು. ತಾನೇ ಆ ಬೀದೀಲಿ ನಿಂತು ಆ ಕಲ್ಲಿನ ಮೇಲಿನ ಬಣ್ಣ ನೋಡಿದೋನ ಹಂಗೆ ಕೂತಿದ್ದ. ಆದ್ರೂ ಹುಟ್ಟುಗುಣ ಎಲ್ಲಿ ಹೋಗ್ತದೆ. ಎಚ್ಚೆತ್ಕೊಂಡು ಕೇಳಿದ.

"ಹಂಗಾದ್ರೆ ಬುದ್ಧಿ, ತಪ್ಪು ಆ ತಾಯಿದಾ? ಹಣ್ಣು ಕೊಟ್ಟ ಪೂಜಾರಿದಾ? ಇಲ್ಲಾ, ಮದ್ದು ಅಂತ ಹೂಂಗುಟ್ಟಿದ ಊರೋರದಾ?"

ಅಯ್ನೋರು ಕೊನೇ ಬೀಜ ಬಿಡಿಸಿ ಪಕ್ಕಕ್ಕೆ ಹಾಕಿದ್ರು. ಆಮೇಲೆ ಅವನ ಮುಖ ನೋಡಿದ್ರು.

"ತಪ್ಪು ಯಾರದು ಅಂತ ಅವರು ಹುಡುಕಿದಷ್ಟು ದಿನಾನೂ ಆ ಚೆಂಬು ಸಂಜೆ ಸಂಜೆ ತುಂಬ್ತಾನೇ ಇತ್ತು ಕಣಪ್ಪ."